ದಿನಕ್ಕ ಮೂರು ಹೊತ್ತು, ಊಟದ ಮುಂಚೆ

ಒಂದು ಮುಂಜಾನೆ ಚಹಾ ತುಟಿ ದಾಟಿ
ಅಂಗಿ ಮ್ಯಾಲ ಸುರೀತು.
"ಏನ್ರಿ, ಸಣ್ಣ ಕೂಸಿನಂಗ" ಅಂತ ನಕ್ಕೆ.
ಅವ್ರೂ ನಗಲಿಕ್ಕೆ ಹೋದ್ರು.
ಎಡಗಡಿ ಮಾರಿ ನಕ್ಕಿತು.
ಬಲಗಡಿದು, ಅಮಾಸಿ ದಿನ ಗಂಜಿನ ಅಂಗಡಿ ಇದ್ದಂಗ,
ಶಟರ್ ಎಳಕೊಂಡೇ ಇತ್ತು.

"ತಲಿಯೊಳಗಿನ ಲಕ್ವಾ ಅಲ್ರಿ, ನರ ಮುನಿಸಿಕೊಂಡದ" ಅಂದ್ರು ಡಾಕ್ಟರು.
ಮುನಿಸು ನನಗ ಗೊತ್ತಿತ್ತು.
ಮಾರಿಯೊಳಗ ಅದಕ್ಕೊಂದು ನರ ಇರ್ತದಂತ ಗೊತ್ತಿದ್ದಿಲ್ಲ.

ಮೂವತ್ತೊಂದು ವರ್ಷ ಬ್ಯಾಳಿ ಮಿಲ್ಲಿನ್ಯಾಗ
ಕಾಂಟಾದ ಮುಂದ ಕುಂತು ಹಮಾಲರಿಗೆ ಬೈದ ಬಾಯಿ.
ಅದರ ಚೀಲದಾಗ ಮಾರಿಗೆ ಎಷ್ಟು ಹೆಸರು!
ಮುಸುಡಿ. ಮೂತಿ. ಥೋಬಡಾ.
ಹುಳಿ ಮಾರಿ, ಮಂಗ್ಯಾನ ಮಾರಿ.
ಸುಟ್ಟ ಬದನಿಕಾಯಿ ಅನ್ನೋದು ನನಗ ಇಟ್ಟಿದ್ದು,
ಮದುವಿಯಾದ ಎರಡನೇ ವರ್ಷ, ಒಲಿ ಮುಂದ.
ಅದು ಪ್ರೀತಿದು ಅಂತ ಆಮ್ಯಾಲ ತಿಳೀತು.
ಭಾಳ ಆಮ್ಯಾಲ.

ಆದ್ರ ಅದಕ್ಕ,
ಆ ಇನ್ನೊಂದಕ್ಕ,
ನಮ್ಮ ಮನಿಯಾಗ ಹೆಸರೇ ಇದ್ದಿದ್ದಿಲ್ಲ.
ಕೂಸುಗಳಿಗೆ ಕೊಟ್ಟದ್ದು ಮುದ್ದು.
ಉಳಿದದ್ದು ಲೈಟ್ ಬಂದ್ ಮಾಡಿದ ಮ್ಯಾಲಿಂದು,
ನಾ ಅವ್ರ ಹೆಸರು ಹೇಳದಂಗ
ಇಬ್ಬರೂ ಹೇಳದೇ ಬಿಟ್ಟದ್ದು.

ನಾಜನೀನ್, ರೋಜಾ ಕಡಿ ಹುಡುಗಿ,
ಕನ್ನಡಿ ಕೈಯಾಗ ಕೊಟ್ಟು ವ್ಯಾಯಾಮ ಹೇಳಿದಳು:
"ಕಾಕಾ, ಗಲ್ಲ ಉಬ್ಬಿಸ್ರಿ. ಹಾಂ.
ಸೀಟಿ ಹೊಡೀರಿ. ಹಲ್ಲು ತೋರಿಸ್ರಿ.
ಈಗ ತುಟಿ ಮುಂದ ಮಾಡ್ರಿ, ಚುಮ್ಮಾ ಕೊಡೋ ಹಂಗ."

ಫ್ಯಾನ್ ಸೈತ ನಿಂತಂಗಾತು.
ಅವ್ರು ಗ್ವಾಡಿ ನೋಡಿದ್ರು.
ನಾ ನೆಲದ ಶಹಾಬಾದ ಕಲ್ಲು ಎಣಿಸಿದೆ.
"ಎಷ್ಟು ಸಲ?" ಅಂದ್ರು. ಕಾಂಟಾದವ್ರು, ಲೆಕ್ಕ ಬೇಕು.
"ಹತ್ತು. ದಿನಕ್ಕ ಮೂರು ಹೊತ್ತು. ಊಟದ ಮುಂಚೆ."

ಮೊಮ್ಮಗಳು ಗಗನಾ ಬಿದ್ದು ಬಿದ್ದು ನಕ್ಕಳು.
"ಅಜ್ಜಿ, ಇಂಗ್ಲಿಷಿನ್ಯಾಗ ಇದಕ್ಕ ರಾಶಿ ಹೆಸರು ಅವ.
ಸ್ಮೂಚ್. ಪೆಕ್. ಸ್ನಾಗ್.
ಬಾಯಿಗೆ ಗಾಬ್, ಮಾರಿಗೆ ಮಗ್."
"ಮಗ್ಗಾ? ಬಚ್ಚಲದಾಗಿಂದೇನ?"
"ಹೂಂ. ಇನ್ನೊಂದದ, ಕಿಸ್ಸರ್.
ಅದೂ ಮಾರಿಗೇ ಅಂತಾರ."

ಕಿಸ್ಸರ್!
ಎರಡು ದಿನ ಅದನ್ನ ಹುಣಸಿ ಬೀಜದಂಗ
ಬಾಯಾಗ ಹೊರಳಾಡಿಸಿದೆ.
ಉಣ್ಣೋದು, ಬೈಯೋದು, ಅಳೋದು, ಸುಳ್ಳು ಹೇಳೋದು,
ಇಷ್ಟು ಕೆಲಸದ ಮಾರಿಗೆ
ಆ ಒಂದೇ ಕೆಲಸದ ಹೆಸರು ಇಟ್ಟಾರಲ್ಲ ಆ ಮಂದಿ!
ನಮ್ಮ ಕಡಿ ಮಾರಿ ಅಂದ್ರ ಮುಖಾನೂ ಹೌದು,
ಊರ ಗಡಿ ದಾಟಿಸೋ ದೇವ್ರೂ ಹೌದು.

ಸಂಜಿಗೆ ನಾ ರೊಟ್ಟಿ ಬಡೀಬೇಕಾದ್ರ
ಹಿಟ್ಟಿನ ಡಬ್ಬಿಗೆ ಕನ್ನಡಿ ಆನಿಸಿ ಕೂಡ್ತಾರ.
ತುಟಿ ಅರ್ಧ ಹೋಗ್ತದ, ಅರ್ಧ ಹೋಗೋದಿಲ್ಲ.
ಒಂದು. ಎರಡು. ಎಂಜಲು ಸೋರಿದ್ರ ನನ್ನ ಸೆರಗು.
ಪ ಬರೋದಿಲ್ಲ, ಬ ಬರೋದಿಲ್ಲ, ಮ ಬರೋದಿಲ್ಲ.
ತುಟಿ ಕೂಡಬೇಕಲ್ಲ.
ಮುಸುಡಿ ಹೋತು, ಮೂತಿ ಹೋತು,
ಬೈಗಳದ ಜೋಡಿ ಮುದ್ದೂ ಹೋತು.
ಅಂಬುಬಾಯಿ ಅನ್ನಲಿಕ್ಕೆ ಹೋಗಿ
"ಅಂಉಆಯಿ" ಅಂದು
ಕನ್ನಡಿ ಬೋರಲ ಹಾಕಿದ್ರು.
ನನ್ನ ಹೆಸರಿನ ತುದಿಗೇ ಬಾಯಿ ಅದ,
ಇಷ್ಟು ವರ್ಷ ಯಾರೂ ನೋಡಿದ್ದಿಲ್ಲ.

ಕಲಬುರಗಿ ಬಿಸಲು ಇಳಿಯೋ ಹೊತ್ತಿಗೆ,
ಏಳನೇ ವಾರ, ಹಾಲಿನ ಹುಡುಗ ತಡಾ ಮಾಡಿ ಬಂದ.
"ಏ ಮಂಗ್ಯಾನ ಮುಸುಡಿ!"
ಪೂರಾ ಬಂತು. ಎರಡೂ ಮ.
ಹುಡುಗ ಅಂಜಿದ. ನಾ ಅತ್ತೆ.
ಹಾಲು ಅರ್ಧ ಲೀಟರ್ ಹೆಚ್ಚಿಗಿ ತಗೊಂಡೆ.

ಮರುದಿನ ಕನ್ನಡಿ ಮೊಳಿಗೆ ತೂಗಹಾಕಿ
"ಮುಗೀತಲ್ಲ" ಅಂದ್ರು.

ರೊಟ್ಟಿ ಹೊರಳಿ ಹಾಕಿದೆ.
ಉಬ್ಬಲಿ ಅಂತ ಅರಿವಿಲೆ ಒತ್ತಿದೆ.
"ಇಲ್ರಿ" ಅಂದೆ,
"ನಾಜನೀನ್ ಫೋನ್ ಮಾಡಿದ್ಳು,
ಇನ್ನೂ ಎರಡು ತಿಂಗಳು ಬಿಡಬಾರದಂತ."

ಫೋನ್ ಬಂದಿದ್ದಿಲ್ಲ.