ವಾಸಯೋಗ್ಯ

ಗ್ಲಾಸ್ಗೋದ ಗವನ್‌ಹಿಲ್‌ನಲ್ಲಿ, ಬೀಗ ಬಿದ್ದ ಒಂದು ಅಂಗಡಿಯ ಹಿಂದೆ,
ಗುರುವಾರ ಸಂಜೆ ಆರೂವರೆಗೆ ಇಂಗ್ಲಿಷ್ ಪಾಠ.
ನಾನು ಚಹಾ ಮಾಡುವವನು.
ಹದಿನಾಲ್ಕು ಕಪ್ಪು, ಒಂದಕ್ಕೆ ಹಿಡಿಯಿಲ್ಲ.

ಝ್ಲಾಟಿತ್ಸಾ ಬಂದವಳು ಕೋಟು ಬಿಚ್ಚಲಿಲ್ಲ.
ಕೋಳಿ ಕಾರ್ಖಾನೆಯ ಥಂಡಿ ಇನ್ನೂ ಬೆರಳ ತುದಿಯಲ್ಲಿ.
ಕೌನ್ಸಿಲ್‌ನ ಉತ್ತರ ಮೇಜಿನ ಮೇಲಿಟ್ಟಳು:
'ತಮ್ಮ ಮನೆ ವಾಸಯೋಗ್ಯವೆಂದು ತಿಳಿಸಿದ್ದಕ್ಕೆ ವಂದನೆಗಳು.
ಕಡತ ಮುಚ್ಚಲಾಗಿದೆ.'

ಮಗ ಮಲಗುವ ಮೂಲೆಯಲ್ಲಿ ಕಪ್ಪು ಬೂಷ್ಟು,
ಒರೆಸಿದರೆ ವಾರಕ್ಕೆ ಮತ್ತೆ ಹಾಜರು, ಬಾಡಿಗೆ ಕೊಡದ ಬಿಡಾರ.
ನಿಘಂಟು ಹಿಡಿದು ಮೂರು ರಾತ್ರಿ ಕೂತು
ಅವಳೇ ಬರೆದದ್ದು:
ಮೈ ಫ್ಲ್ಯಾಟ್ ಈಸ್ ಇನ್‌ಹ್ಯಾಬಿಟಬಲ್.

ಮತ್ತೆ? ಕರೆಕ್ಟ್‌ಗೆ ಇನ್ ಸೇರಿದರೆ ತಪ್ಪು.
ವಿಸಿಬಲ್‌ಗೆ ಇನ್ ಸೇರಿದರೆ, ನಾವು.
ಇದೊಂದು ಇನ್ ಯಾಕೆ ಬಾಗಿಲು ತೆಗೆದು
ಒಳಗೆ ಬನ್ನಿ ಅಂದಿತು?

ಉನಾ ಮೆಕ್‌ನೀಲ್ ಕನ್ನಡಕ ತೆಗೆದು ಒರೆಸಿದಳು.
'ಆ ಇನ್ ಬೇರೆ ತಾಯಿಯ ಮಗು.
ಅದು ಇಲ್ಲ ಅನ್ನುವುದಿಲ್ಲ, ಒಳಗೆ ಅನ್ನುತ್ತದೆ.
ನಿನಗೆ ಬೇಕಿದ್ದದ್ದು ಅನ್.'
ಎರಡಕ್ಷರ.
ಅಷ್ಟರೊಳಗೆ ಒಂದು ಚಳಿಗಾಲ ದಾಟಿತ್ತು.

ಪಾಠ ಅಲ್ಲಿಂದಲೇ ಶುರು. ಹಲಗೆಯ ಮೇಲೆ ಹ್ಯಾಬಿಟ್.
'ಚಟ,' ಅಂದ ಇದ್ರೀಸ್, ಇಲ್ಲದ ಸಿಗರೇಟು ಸೇದಿ ತೋರಿಸಿ.
'ಉಡುಪೂ ಹೌದು,' ಅಂದಳು ಉನಾ.
'ಇಪ್ಪತ್ತೆರಡು ವರ್ಷ ತೊಟ್ಟಿದ್ದೆ, ಕಾನ್ವೆಂಟಿನಲ್ಲಿ.
ಬಿಚ್ಚಿಟ್ಟು ಬಂದೆ. ಬಿಟ್ಟು ಬರಲಾಗಲಿಲ್ಲ.
ಈಗಲೂ ನಾಲ್ಕೂವರೆಗೆ
ಬಾರಿಸದ ಗಂಟೆಗೆ ಎಚ್ಚರ.'

ಯಾರೂ ನಗಲಿಲ್ಲ. ಗೋಡೆಯ ಹೀಟರ್ ಒಮ್ಮೆ ಕೆಮ್ಮಿತು.

ಟೈಲ್ಸ್ ಹಾಕುವ ಘಸ್ಸಾನ್ ವಾಕ್ಯ ಓದಿದ:
ಐ ಆ್ಯಮ್ ಯೂಸ್ಡ್ ಟು ಲಿವ್ ಇನ್ ಹೋಮ್ಸ್.
ಇದ್ದೆ ಅಂದರೆ ಆ್ಯಮ್ ಬೇಡ.
ಒಗ್ಗಿಹೋಗಿದೆ ಅಂದರೆ ಬಾಲಕ್ಕೆ ಇಂಗ್ ಬೇಕು.
ಒಂದು ಕಳೆದದ್ದು, ಒಂದು ಅಂಟಿಕೊಂಡದ್ದು,
ಅವನ ವಾಕ್ಯ ಎರಡರ ನಡುವೆ ಕಾಲು ಚಾಚಿ ನಿಂತಿದೆ.
ಉನಾಳ ಕೆಂಪು ಪೆನ್ನು ಕಾಗದದ ಮೇಲೆ ಬಂದು,
ತುಸು ಹೊತ್ತು ಇದ್ದು,
ಮುಚ್ಚಳ ಹಾಕಿಕೊಂಡಿತು.

ಈ ಊರಿನವರು ಲಿವ್ ಅನ್ನುವುದು ಕಡಿಮೆ.
ಎಲ್ಲಿ ಸ್ಟೇ ಮಾಡ್ತೀರಿ, ಅನ್ನುತ್ತಾರೆ,
ಮುತ್ತಜ್ಜನ ಕಾಲದಿಂದ ಅದೇ ಬೀದಿಯಲ್ಲಿದ್ದರೂ
ನಾಳೆ ಗಂಟುಮೂಟೆ ಕಟ್ಟುವವರ ಹಾಗೆ.
ನನ್ನ ನುಡಿಗೆ ಆ ಸಡಗರವೂ ಇಲ್ಲ.
ಎಲ್ಲಿದ್ದೀ? ಬಸ್ಸಲ್ಲಿದ್ದೇನೆ.
ಎಲ್ಲಿದ್ದೀ? ಗ್ಲಾಸ್ಗೋದಲ್ಲಿದ್ದೇನೆ.
ಒಂದೇ ಇರುವಿಕೆಯಲ್ಲಿ ಬಸ್ಸೂ ಹಿಡಿಸುತ್ತದೆ, ಬಾಳೂ.

ಕಪ್ಪುಗಳನ್ನು ಎತ್ತುತ್ತ ಹೊಸ ಕಾಗದ ಇಣುಕಿ ನೋಡಿದೆ.
ಅನ್ ಕೆಳಗೆ ಎರಡು ಗೀಟು,
ಎರಡನೆಯದು ಹಾಳೆ ಹರಿಯುವಷ್ಟು ಒತ್ತಿ.
ಝ್ಲಾಟಿತ್ಸಾಳ ಕೋಟಿನಿಂದ ಬೂಷ್ಟಿನ ವಾಸನೆ.
ವಾಸ ಮಾಡಿದ್ದು ವಾಸನೆಯಾಗಿ ಬೆನ್ನು ಹತ್ತುತ್ತದೆ.
ಇರುವವನು ನಮ್ಮಲ್ಲಿ ವಾಸಿ,
ಗಾಯ ಮಾಯ್ದರೂ ವಾಸಿ.
ಹೇಳೋಣವೆಂದುಕೊಂಡೆ.
ಅವಳಿಗೆ ಎಂಟರ ಬಸ್ಸಿತ್ತು.

ದೀಪ ಆರಿಸಿ ಹೊರಬಂದಾಗ ಕ್ಲೈಡ್ ಕಡೆಯಿಂದ ಗಾಳಿ.
ಉನಾಳ ಕೈ ಥಟ್ಟನೆ ನೆತ್ತಿಗೆ ಹೋಯಿತು,
ಹಾರುವ ಮುಸುಕನ್ನು ಹಿಡಿಯಲು.

ಅಲ್ಲಿ ಬರೀ ಕೂದಲು.
ಅದನ್ನೇ ಸರಿಮಾಡಿಕೊಂಡು, ಬೀಗ ಎಳೆದು ನೋಡಿ,
'ಹಿಡಿಯಿಲ್ಲದ ಆ ಕಪ್ಪು ಎಸೆಯಬೇಡ,' ಅಂದಳು,
'ಇದ್ರೀಸ್ ಅದರಲ್ಲೇ ಕುಡಿಯುವುದು.'