ಹದಿನೇಳನೇ ಗೇಟಿನ ದಫ್ತರ

ಊರಿಗೊಂದು ಸ್ಟೇಷನ್ನು ಕೊಡುತ್ತೇವೆಂದರು.
ಕೊಟ್ಟದ್ದು ಬೋರ್ಡು.
ಎಂಜಿನಿಯರನಿಗೆ ಬೇಕಿದ್ದದ್ದು ಸಪಾಟು ನೆಲ, ಅಗ್ಗದ ನೆಲ;
ಪೋರ್ಚುಗಲ್ಲಿನ ನಮ್ಮ ಈ ಮೂಲೆಯಲ್ಲಿ
ಸಪಾಟಾಗಿರುವುದು ಊಟದ ಮೇಜು ಮಾತ್ರ.
ಹಾಗಾಗಿ ಹಳಿ ಹೊಳೆಯ ಬಗಲಲ್ಲೇ ನುಸುಳಿತು,
ಊರುಗಳು ಗುಡ್ಡದ ನೆತ್ತಿಯಲ್ಲೇ ಉಳಿದವು.
ವಾಲ್ ದ ಕಾರ್ದುಶ್: ಸ್ಟೇಷನ್ನಿನಿಂದ ಊರಿಗೆ ಒಂದು ತಾಸಿನ ಏರು.
ಫೊಂತೆಲಾಶ್: ಒಂದೂವರೆ, ಅದೂ ಹೇಸರಗತ್ತೆ ಇದ್ದರೆ.
ಹೆಸರು ಇಳಿದು ಬಂತು,
ಊರು ಬರಲಿಲ್ಲ.

ಮೀಟರ್ ಗೇಜು. ಒಂದು ಮೀಟರಿನ ಅಗಲದಲ್ಲಿ
ಎಷ್ಟೆಲ್ಲ ಹಿಡಿಸಿತು:
ಬಾದಾಮಿ ಮೂಟೆ, ಎಣ್ಣೆಯ ಪೀಪಾಯಿ, ಒಮ್ಮೆ ಒಂದು ಪಿಯಾನೊ,
ಸಮುದ್ರ ಕಾಣದವರ ಮನೆಗೆ
ಉಪ್ಪು ಸವರಿಸಿಕೊಂಡು ಬಂದ ಸಮುದ್ರದ ಮೀನು.
ಯುದ್ಧದ ಕಾಲಕ್ಕೆ ಕರಿ ಅದಿರು:
ಮೂರು ಡಬ್ಬಿ ಜರ್ಮನರಿಗೆ, ಮೂರು ಇಂಗ್ಲಿಷರಿಗೆ,
ಎಂಜಿನ್ನು ಒಂದೇ, ಹೊಗೆಯೂ ಒಂದೇ.
ಆಮೇಲೆ ಹುಡುಗರು.
ಅಂಗೋಲಾಕ್ಕೆ ಬಂದೂಕು ಹೊರಲು ಕೆಳಗಿನ ಗಾಡಿಗೆ,
ಒಲ್ಲೆನೆಂದವರು ರಾತ್ರಿ ಮೇಲಿನ ಗಾಡಿಗೆ,
ಕೊನೆಯ ಸ್ಟೇಷನ್ನಿನಿಂದ ಕಾಲ್ನಡಿಗೆ, ಗಡಿ, ಆಚೆ ಫ್ರಾನ್ಸು.
ಗಡಿಯವರೆಗೂ ಹೋಗಬೇಕಿದ್ದ ಹಳಿ
ಹತ್ತೊಂಬತ್ತು ಕಿಲೋಮೀಟರು ಈಚೆಗೇ ನಿಂತಿತ್ತು:
ಹಣ ತೀರಿತ್ತು, ಇಲ್ಲವೇ ಮಂತ್ರಿ ತೀರಿದ್ದ,
ಎರಡೂ ಮಾತಿದೆ.

ದೊಡ್ಡಮ್ಮ ಫೆಲಿಜ್ಬೆಲಾ ಹದಿನೇಳನೇ ಗೇಟಿನವಳು.
ಹಳಿ ರಿಪೇರಿಯಲ್ಲಿ ಗಂಡ ಸತ್ತಾಗ ಕಂಪನಿ ಕೊಟ್ಟದ್ದು
ಒಂದು ಕೋಣೆ, ಒಂದು ಕೊಂಬು, ಬಾವುಟ, ಲಾಟೀನು,
ಗಂಡಸಿನ ಅಳತೆಯ ಟೋಪಿ,
ಒಂದು ದಫ್ತರ.
ಅಕ್ಷರ ಬಾರದವಳಿಗೆ ದಫ್ತರ!
ಅಂಕಿ ಮೊದಲು ಕಲಿತಳು. ಆಮೇಲೆ ಮೂರು ಪದ.
ಮೂವತ್ತನಾಲ್ಕು ವರ್ಷ ಬರೆದದ್ದು ಅಷ್ಟೇ:
ಮುಚ್ಚಿದ್ದು. ತೆರೆದದ್ದು. ಬಂತು.
ಹಳಿಯಂಚಿನಲ್ಲಿ ಬೆಳೆದ ಕೋಸಿನ ಮಸಿ ತೊಳೆದು
ನಮಗೆ ಸಾರು ಮಾಡಿ ಬಡಿಸುತ್ತಿದ್ದಳು.
ಸ್ವಲ್ಪ ಮಸಿ ಉಳಿದೇ ಇರುತ್ತಿತ್ತು.

ಗಾಡಿ ನಿಲ್ಲಿಸುತ್ತೇವೆಂದು ಯಾರೂ ಬಂದು ಹೇಳಲಿಲ್ಲ.
ಅಕ್ಟೋಬರಿನ ಒಂದು ಮಂಗಳವಾರ ಬೆಳಗಿನ ಗಾಡಿ ಇಲ್ಲ,
ಸಂಜೆಯದೂ ಇಲ್ಲ.
ದಫ್ತರದಲ್ಲಿ ಆ ಸಾಲುಗಳು ಖಾಲಿ,
‘ಬರಲಿಲ್ಲ’ ಎಂದು ಬರೆಯಲು ಅವಳು ಕಲಿತಿರಲಿಲ್ಲ.

ಒಂಬತ್ತನೇ ದಿನ, ನಾಲ್ಕು ನಲವತ್ತಕ್ಕೆ, ಸರಿಯಾಗಿ ಅದೇ ಹೊತ್ತಿಗೆ
ಎಂಜಿನ್ನು ಬಂತು.
ರಸ್ತೆಯಲ್ಲಿ.
ಲಾರಿಯ ಬೆನ್ನ ಮೇಲೆ, ಸರಪಳಿ ಬಿಗಿಸಿಕೊಂಡು,
ಚಕ್ರವಿದ್ದೂ ಹೊರಿಸಿಕೊಂಡು.

ರೂಢಿಯೋ ರೊಚ್ಚೋ, ಪಕ್ಕದಲ್ಲಿದ್ದೂ ಹೇಳಲಾರೆ,
ನನಗಾಗ ಹನ್ನೊಂದು.
ಕೊಂಬು ಊದಿದಳು. ಗೇಟು ಮುಚ್ಚಿದಳು.
ಹಳಿಗೆ ದಾರಿ, ರಸ್ತೆಗೆ ತಡೆ: ನಿಯಮ.
ಲಾರಿ ನಿಂತಿತು. ಮೇಲೆ ಎಂಜಿನ್ನೂ ನಿಂತಿತು,
ತನ್ನದೇ ಗಾಡಿ ದಾಟಿಹೋಗಲೆಂದು ಕಾಯುತ್ತ.

ಡ್ರೈವರ್ ಅದೆರಿತು ಬೈಯಲೆಂದೇ ಇಳಿದ,
ಟೋಪಿ ನೋಡಿದ, ಸಿಗರೇಟು ಹಚ್ಚಿದ.
ಹಿಂದೆ ಒಂದು ಟ್ರ್ಯಾಕ್ಟರು, ಅದರ ಹಿಂದೆ ಬ್ರೆಡ್ಡಿನ ವ್ಯಾನು,
ಹಾರ್ನು ಯಾರೂ ಒತ್ತಲಿಲ್ಲ.
ಹಳಿಯ ಮೇಲೆ ಒಂದು ಹಲ್ಲಿ ಓಡಿತು,
ಕೆಳಗಿನ ಗಾಡಿಯ ದಿಕ್ಕಿಗೆ.
ಹನ್ನೊಂದು ನಿಮಿಷ.
ಆಮೇಲೆ ತೆರೆದಳು.
ಬಾವುಟ ಸುತ್ತಿ ಹಿಡಿದು ನೆಟ್ಟಗೆ ನಿಂತಳು
ಲಾರಿಯ ಕೊನೆಯ ಚಕ್ರ ದಾಟುವ ತನಕ.

ಈಗ ಹಳಿ ಕಿತ್ತ ಹಾದಿಯಲ್ಲಿ ಸೈಕಲ್ಲಿನವರು ಬರುತ್ತಾರೆ,
ಬೋರ್ಡು ಓದಿ, ಊರೆಲ್ಲಿ ಎನ್ನುತ್ತಾರೆ.
ಗುಡ್ಡ ತೋರಿಸುತ್ತೇನೆ. ನಂಬುವುದಿಲ್ಲ.
ದಫ್ತರ ನನ್ನ ಬಳಿ ಇದೆ.
ಖಾಲಿ ಸಾಲುಗಳ ಕೆಳಗೆ ಕೊನೆಯದು:
ಮುಚ್ಚಿದ್ದು ೪.೪೦. ತೆರೆದದ್ದು ೪.೫೧. ಬಂತು.
ಅದರ ಪಕ್ಕ, ಬೇರೆ ಶಾಯಿಯಲ್ಲಿ,
ಯಾರನ್ನೋ ಕೇಳಿ ತಿಳಿದು ಬರೆದ
ನಾಲ್ಕನೆಯ ಪದ:
ಅಡ್ಡಲಾಗಿ.