ಪರ್ಸಿಕಲ್ಲಿನ ದಂಡಿ

ಸಮುದ್ರ ನೋಡಬೇಕು ಅಂತ ನಾನಂದದ್ದು
ಶಹಾಬಾದದ ಖಣಿ ಬಾಯಾಗ, ಮಟಮಟ ಮಧ್ಯಾಹ್ನ.
ಲಾಡ್ಲೆಸಾಬ ಗಾಡಿ ಅಲುಗಾಡಿಸಿ
ಟಾಕಿಗೆ ಕಿವಿ ಇಟ್ಟ.
ಪೆಟ್ರೋಲ್ ಎಷ್ಟದ ಅಂತ ಅಂವ ನೋಡೂದಿಲ್ಲ,
ಕೇಳ್ತಾನ.
"ಕಾರವಾರ ತನಕ ಆಗೂದಿಲ್ಲ ಕಾಶಪ್ಪ,
ತಿಂಥಣಿ ತನಕ ಆಗ್ತದ.
ನಡಿ, ದಂಡಿ ಹಿಡಕೊಂಡು ಹೋಗೂಣು."

ಯಾವ ದಂಡಿ?

ಚಪ್ಪಲಿ ಬಿಟ್ಟು,
ಆಗಷ್ಟೇ ಎಬ್ಬಿಸಿದ ಪರ್ಸಿಯ ಮ್ಯಾಲ
ಬರಿಗಾಲಿಟ್ಟು ನಿಂತ.
ಕಲ್ಲಿನ ತುಂಬ ನಿರಿಗಿ,
ಹಿಂಡಿದ ಧೋತ್ರ ಝಾಡಿಸದೆ ಒಣಹಾಕಿದಂಗ.
"ತೆರಿ ಬಂದು ಹೋದ ಗುರುತು ಇದು.
ಸರ್ವೆಕ್ಕ ಬಂದ ಸಾಹೇಬ ಹೇಳ್ಯಾನ,
ಇಲ್ಲೆಲ್ಲಾ ಸಮುದ್ರ ಇತ್ತಂತ. ಎದ್ದು ಹೋತಂತ.
ಕೆಸರು ನಮಗ ಬಿಟ್ಟು ಹೋಗ್ಯದ,
ಅದೇ ಮಾರಿ ಉಣ್ಲತ್ತೀವಿ."

ನಿರಿಗಿ ಇದ್ದ ಕಲ್ಲಿಗೆ ರೇಟಿಲ್ಲ.
ಸಾಪಾದದ್ದು ಲಾರಿ ಹತ್ತಿ ಪರಊರಿಗೆ ಹೋಗ್ತದ,
ಉಳಿದದ್ದು ನಮ್ಮ ಮನಿಗೆ ಬರ್ತದ.
ಅವ್ವನ ಅಡಗಿಮನ್ಯಾಗ
ಮಜ್ಜಿಗಿ ಗಿಲಾಸ ಎಂದೂ ಸೀದಾ ನಿಂತಿಲ್ಲ.
ಯಾಕಂತ ಆವತ್ತು ತಿಳೀತು.

ವಾಡಿ ದಾಟೂತನಕ ಸಿಮೆಂಟಿನ ಧೂಳು,
ಹುಬ್ಬು ಬೆಳ್ಳಗಾಗಿ ಇಬ್ಬರಿಗೂ
ಒಮ್ಮೆಲೇ ಹತ್ತು ವರ್ಷ ವಯಸ್ಸಾತು.
ನಾಲವಾರದಾಗ ಚಾ.
ಮಿರ್ಚಿ ಭಜಿ ಕಟ್ಟಿಕೊಟ್ಟ ಹಳೇ ಪೇಪರಿನ್ಯಾಗ
ಕರಾವಳಿಯ ಮೀನುಗಾರರು ನೀರಿಗೆ ಇಳಿಯಬಾರದು
ಅಂತ ಸರ್ಕಾರದ ಸೂಚನಾ.
"ನಮಗೂ ಹೇಳ್ಯಾರ ನೋಡು," ಅಂದ ಲಾಡ್ಲೆಸಾಬ,
ಅದಕ್ಕೇ ಬೆರಳಿನ ಎಣ್ಣಿ ಒರೆಸಿದ.

ಯಾದಗಿರಿ ಸಮೀಪ ಬಂದಂಗ
ನೆಲ ತನ್ನ ಮಾತು ಬದಲಿಸ್ತು.
ಚಪ್ಪಟಿ ಹಾಸು ಮುಗದು
ಗುಂಡು ಬಂಡಿ ಎದ್ದು ನಿಂತ್ವು,
ಒಂದರ ಹೆಗಲ ಮ್ಯಾಲ ಒಂದು,
ಬೀಳತೀನಿ ಬೀಳತೀನಿ ಅನ್ಕೋತ ಬೀಳದಂಗ.
"ಇಲ್ಲಿಗೇ ನಿಂತಿತ್ತು ನೀರು. ಇದೇ ದಂಡಿ!"
ಕೈ ಬಿಟ್ಟು ತೋರಿಸಿದ. ಗಾಡಿ ತೂರಾಡ್ತು.
ಎದುರಿಗೆ ಬಂದ ಹತ್ತಿ ಲಾರಿ ಬೈಕೋತ ಹೋತು,
ಅದರ ಹಿಂದ ರಸ್ತಾದ ಎರಡೂ ಬದಿಗೆ
ಬಿಳೇ ನೊರಿ.

ಭೀಮಾ ದಾಟಿದ್ವಿ.
ಶಹಾಪುರದ ಗುಡ್ಡ ಅಂಗಾತ ಮಲಗಿತ್ತು, ಎಬ್ಬಿಸಲಿಲ್ಲ.
ಸುರಪುರದ ತನಕ ಅಂವ ಹೇಳಿದ್ದು ಕಾರವಾರದ ಕತಿ.
ಹದಿನೆಂಟು ವರ್ಷದಿಂದ ಕೇಳ್ಲತ್ತೀನಿ,
ಪರ್ಸಿ ಲಾರಿಯ ಕ್ಲೀನರ್ ಆಗಿ ಹೋದದ್ದು.
ಮೊದಲ ಸಲ ಹೇಳಿದಾಗ ತೆರಿ ಮೊಣಕಾಲಿಗಿತ್ತು,
ನನ್ನ ಲಗ್ನದಾಗ ಸೊಂಟಕ್ಕ ಬಂತು,
ಈಗ ತೆಂಗಿನ ಮರದ ಮ್ಯಾಲಿಂದ ಹಾದು ಹೋಗ್ತದ.

ತಿಂಥಣಿ ಸೇತುವೆಯ ಕೆಳಗ
ಕೃಷ್ಣಾ ಸಣ್ಣಗಾಗಿತ್ತು,
ಬಂಡಿಗಳ ಸಂದ್ಯಾಗ ಮೈ ಹಿಂಡಿಕೊಂಡು
ದಾರಿ ಹುಡುಕ್ಲತ್ತಿತ್ತು.
ರೊಟ್ಟಿ ಬಿಚ್ಚಿದ್ವಿ. ಶೇಂಗಾ ಹಿಂಡಿ, ಉಳ್ಳಾಗಡ್ಡಿ.
ಕತ್ತಲಾತು. ಕಲ್ಲಿನ ಕಾವು ಮಾತ್ರ ಇಳೀಲಿಲ್ಲ.

"ಕಾಶಪ್ಪ, ನಾ ನೋಡಿಲ್ಲ."

ಏನು?

"ಕಾರವಾರಕ್ಕ ಮುಟ್ಟಿದಾಗ ರಾತ್ರಿ ಎರಡು.
ಕತ್ತಲಾಗೇ ಇಳಿಸಿದ್ವಿ. ಹೊತ್ತು ಹುಟ್ಟೂ ಮೊದಲೇ
ಡ್ರೈವರ್ ಹೊರಡಿಸಿದ.
ಎಡಕ್ಕ ಏನೋ ದೊಡ್ಡದು ಉಸಿರಾಡ್ಲತ್ತಿತ್ತು.
ಕೈಯಾಗ ಕಲ್ಲಿತ್ತು.
ತಿರುಗಿ ನೋಡಿದ್ರ ಕಲ್ಲು ಒಡೀತದ."

ನೀರು ಒಂದು ಬಂಡಿ ಸುತ್ತಿ ಬರೂತನಕ
ನಾ ಏನೂ ಅನ್ನಲಿಲ್ಲ.
ಎಷ್ಟು ಕಲ್ಲು, ಅಂದೆ.
"ನಾಕ್ನೂರಾ ಹನ್ನೆರಡು.
ಆದ್ರೂ ಎರಡು ಒಡದ್ವು. ಪಗಾರದಾಗ ಹಿಡಕೊಂಡ್ರು."

ಕೇಳಿದ್ದರೆ ಖರೆ ಅಲ್ಲಾ? ಹ್ಯಾಂಗಿತ್ತು?

ಭಾಳ ಹೊತ್ತು ಕುಂತ.
ಆಮ್ಯಾಲ ಎದ್ದು, ಕತ್ತಲಾಗ ತಡವರಿಸಿ ಗಾಡಿ ಹತ್ರ ಹೋಗಿ
ಮೆಲ್ಲಕ ಅಲುಗಾಡಿಸಿ ಕರದ:
"ಬಾ, ಕಿವಿ ಇಡು."
ಕಿವಿ ಇಟ್ಟೆ. ತಗಡು ಇನ್ನೂ ಬೆಚ್ಚಗಿತ್ತು.
ಒಳಗ, ಬೊಗಸಿಯಷ್ಟು,
ಬರ್ಲತ್ತಿತ್ತು, ಹೋಗ್ಲತ್ತಿತ್ತು.

ತಿರುಗಿ ಹೋಗಲಿಕ್ಕ ಆಗ್ತದೇನೋ, ಅಂದೆ.

"ಸುರಪುರ ತನಕ ಆಗ್ತದ."